ಮೂರನೇ ಮಹಡಿಯ ಕಲ್ಲು

ಗಾಜಿನ ಬಾಗಿಲಿನ ಹೊರಗೆ ಚಪ್ಪಲಿಗಳು ಸಾಲಾಗಿದ್ದವು. ಮೆಟ್ಟಿಲು ಹತ್ತಿ ಬಂದ ಧರ್ಮಪಾಲ ಅವನ್ನು ಕಂಡು ಅಲ್ಲೇ ನಿಂತ. ಹವಾಯಿ ಚಪ್ಪಲಿ, ಹಿಮ್ಮಡಿ ಎತ್ತರದ್ದು, ಲೇಸು ಸಡಿಲಿಸಿದ ಬೂಟು. ಬಹಳ ದಿನಗಳ ಮೇಲೆ ಅವನ ಮುಖ ಅರಳಿತು. ಕೊನೆಗೂ ತಾನು ಆಫೀಸಿನೊಳಗೆ ಮಾಡಿಸಿದ ತೋಟಕ್ಕೆ ಜನ ಬಂದರು, ಬರಿಗಾಲಲ್ಲಿ ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಿದ್ದಾರೆ ಎಂದುಕೊಂಡು ಬಾಗಿಲು ತಳ್ಳಿದ.

ಒಳಗೆ ಬೆಂಚುಗಳೆಲ್ಲ ಖಾಲಿ. ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದ ಕರಿಕಲ್ಲಿನ ಎದುರು ಐದಾರು ಮಂದಿ ಕೈಮುಗಿದು ನಿಂತಿದ್ದರು. ಕಲ್ಲಿನ ನೆತ್ತಿಗೆ ಅರಸಿನ ಮೆತ್ತಿತ್ತು, ಬುಡದಲ್ಲಿ ಅಡಿಕೆ ಹಿಂಗಾರದ ಎಸಳು ಚೆಲ್ಲಿತ್ತು. ಆಫೀಸು ಗುಡಿಸುವ ವಾರಿಜಾ ಸ್ಟೀಲಿನ ಲೋಟದಿಂದ ಹಾಲು ಎರೆಯುತ್ತಿದ್ದಳು.

"ಎಂತ ನಾಟಕ ಇದು?"

ಅವನ ಗಂಟಲಿಗೆ ಇಡೀ ಮಹಡಿಯೇ ಹೆದರುವುದು ರೂಢಿ. ಇವತ್ತು ಮಾತ್ರ ಯಾರೂ ಓಡಲಿಲ್ಲ. ಬಿಲ್ಲಿಂಗ್ ವಿಭಾಗದ ಕಾವ್ಯ, ಬಾಯಿ ಸ್ವಲ್ಪ ಜೋರಿನ ಹುಡುಗಿ, ಅವನ ಕಾಲಿನ ಕಡೆ ನೋಡಿ ಮೆಲ್ಲನೆ ಹೇಳಿದಳು: "ಸರ್, ನೀವು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದೀರಿ."

ಧರ್ಮಪಾಲ ತನ್ನ ಕಾಲು ತಾನೇ ನೋಡಿಕೊಂಡ.

ಮಣಿಪಾಲದ ಆ ಕಟ್ಟಡದಲ್ಲಿ ಪರದೇಶದ ಆಸ್ಪತ್ರೆಗಳ ಬಿಲ್ಲು ತಯಾರಿಸುವ ಕೆಲಸ. ಎ.ಸಿ.ಯ ತಂಪು ಸೋರದಂತೆ ಕಿಟಕಿಗಳನ್ನೆಲ್ಲ ಮುಚ್ಚಿ ಕಪ್ಪು ಹಾಳೆ ಅಂಟಿಸಿದ್ದರು. ಬೆಳಗ್ಗೆ ಒಳಗೆ ಹೋದವರಿಗೆ ಹೊರಗೆ ಮಳೆಯೋ ಬಿಸಿಲೋ ಗೊತ್ತಾಗುವುದು ಸಂಜೆಗೆ. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಕಣ್ಣುರಿ, ಮತ್ತೊಬ್ಬರಿಗೆ ಕಾರಣವೇ ಇಲ್ಲದೆ ಅಳು. ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದುಕೊಂಡು ಹೋಗಿ ಜನರೇಟರಿನ ಪಕ್ಕದ ಮೆಟ್ಟಿಲಲ್ಲಿ ಕೂರುತ್ತಿದ್ದರು. ಡೀಸೆಲ್ ವಾಸನೆ, ಕಿವಿ ಕಿತ್ತುಹೋಗುವ ಸದ್ದು. ಆದರೂ ಅಲ್ಲೇ, ಏಕೆಂದರೆ ಗೋಡೆಯ ಸಂದಿನಿಂದ ಒಂದು ಹಲಸಿನ ಮರ ಅರ್ಧ ಕಾಣುತ್ತಿತ್ತು.

ಆಫೀಸಿನ ಮೇಲ್ವಿಚಾರಕ ಧರ್ಮಪಾಲ ಇದನ್ನು ನೋಡಿಟ್ಟುಕೊಂಡಿದ್ದ. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವನು, ಊರ ಶಾಲೆ ಮುಗಿಸಿ ಸೌದಿಯ ದಮಾಮ್‌ಗೆ ಹೋಗಿ ಕಿಟಕಿಯಿಲ್ಲದ ಗೋದಾಮಿನಲ್ಲಿ ಎಂಟು ವರ್ಷ ಕಳೆದವನು. ಅಲ್ಲಿ ತರಕಾರಿ ಪೆಟ್ಟಿಗೆಯಲ್ಲಿ ಸಿಕ್ಕಿದ ಪುದೀನದ ಕಡ್ಡಿಯೊಂದನ್ನು ನೀರಿನ ಬಾಟಲಿಯಲ್ಲಿಟ್ಟು, ಊಟದ ಹೊತ್ತಿಗೆ ಅದರ ಎದುರು ಕೂರುತ್ತಿದ್ದ. ಇದನ್ನು ಅವನು ಹೆಂಡತಿಗೂ ಹೇಳಿದವನಲ್ಲ. ಮಾಲೀಕ ರಿತೇಶನ ಹತ್ತಿರ ಹೇಳಿದ್ದು ಬೇರೆಯೇ: "ನಿಮ್ಮ ಕೆಲಸದವರು ಒಣಗಿದ ಬಂಗುಡೆ ಮೀನಿನ ಹಾಗೆ ಆಗಿದ್ದಾರೆ. ಅವರಿಗೆ ಹಸುರು ಬೇಕು. ಇಲ್ಲದಿದ್ದರೆ ಒಬ್ಬೊಬ್ಬರೇ ಬಿಟ್ಟು ಹೋಗ್ತಾರೆ, ಆಮೇಲೆ ನೀವೇ ಕೂತು ಬಿಲ್ಲು ಮಾಡಿ." ಮೇಜಿಗೆ ಒಂದು ಗುದ್ದನ್ನೂ ಹಾಕಿದ್ದ.

ರಿತೇಶ ಸಣ್ಣ ಪ್ರಾಯದವನು, ಲೆಕ್ಕಾಚಾರದವನು, ಆದರೆ ಕೆಟ್ಟವನಲ್ಲ. ಹೊಸ ಮೇಜುಗಳಿಗೆಂದು ಇಟ್ಟಿದ್ದ ಗಾಜಿನ ಮಾಡು ಹೊದಿಸಿದ್ದ, ಬಿಸಿಲು ಬೀಳುವ ಜಾಗವನ್ನೇ ಬಿಟ್ಟುಕೊಟ್ಟ. "ಆಯ್ತು ಧರ್ಮಪಾಲರೇ. ನಿಮ್ಮ ಮಾತಿನ ಮೇಲೆ ಬಿಡ್ತೇನೆ. ಜನ ಕೂತರೆ ಇರಲಿ, ಕೂರದಿದ್ದರೆ ಮೇಜು ಹಾಕುವ" ಎಂದಿದ್ದ.

ಉಡುಪಿಯ ಸೆಲೀನ್ ಎಂಬ ಹುಡುಗಿ ಬಂದು ನಕ್ಷೆ ಬರೆದುಕೊಟ್ಟಳು. ಜರಿಗಿಡ, ಅಗಲ ಎಲೆಯ ಕೆಸುವಿನ ಜಾತಿಯವು, ಕುಂಡದಲ್ಲಿ ಒಂದು ಸಂಪಿಗೆ, ನೆಲಕ್ಕೆ ಹುಲ್ಲು, ಮರದ ಬೆಂಚು. ಮೂಲೆಯಲ್ಲಿ ಒಂದು ಕರಿಕಲ್ಲು, ಅದರ ಮೇಲಿಂದ ಸಣ್ಣ ಕೊಳವೆಯಲ್ಲಿ ಸದಾ ನೀರು ಇಳಿಯಬೇಕು. ನೀರಿನ ಸದ್ದು ಮನಸ್ಸಿಗೆ ಒಳ್ಳೆಯದಂತೆ. ಕಲ್ಲು ತರುವ ಕೆಲಸ ಧರ್ಮಪಾಲನದ್ದು. ಅವನು ಕಾರ್ಕಳಕ್ಕೆ ಹೋಗಿ, ಗುರುತಿನ ಶಿಲ್ಪಿ ಸರ್ವೋತ್ತಮ ಆಚಾರ್ಯನ ಶೆಡ್ಡಿನಿಂದ ಒಂದು ಕಲ್ಲು ಆರಿಸಿ ತಂದ. ಆಚಾರ್ಯ ಆ ಹೊತ್ತಿಗೆ ಶೆಡ್ಡಿನಲ್ಲಿರಲಿಲ್ಲ. "ಬದಿಗೆ ಹಾಕಿದ್ದರಲ್ಲಿ ಯಾವುದಾದರೂ ತಕೊಂಡು ಹೋಗಿ ಮಾರಾಯ್ರೆ" ಎಂದು ಫೋನಿನಲ್ಲೇ ಹೇಳಿದ್ದ. ಮೇಲೆ ಅಗಲ, ಕೆಳಗೆ ಕಿರಿದು, ಮೈಮೇಲೆ ಅಲೆ ಅಲೆಯಾಗಿ ಗೆರೆ. ಚೆಂದ ಉಂಟಲ್ಲ ಎಂದು ಧರ್ಮಪಾಲ ಅದನ್ನೇ ವ್ಯಾನಿಗೆ ಹಾಕಿಸಿಕೊಂಡು ಬಂದಿದ್ದ.

ಈಗ ಆ ಚೆಂದವೇ ಕುತ್ತಿಗೆಗೆ ಬಂದಿತ್ತು.

"ವಾರಿಜಾ, ಇದು ನಾಗ ಅಂತ ನಿನಗೆ ಯಾರು ಹೇಳಿದ್ದು?"

ವಾರಿಜಾ ಕಾಪುವಿನವಳೇ, ಅವನ ಮನೆಯಿಂದ ನಾಲ್ಕು ಮನೆ ಆಚೆ. ಅವನಿಗೆ ಹೆದರುವ ಪೈಕಿಯಲ್ಲ. "ಯಾರು ಹೇಳ್ಬೇಕು ಧರ್ಮಣ್ಣ? ಕಣ್ಣಿಗೆ ಕಾಣುವುದಿಲ್ವಾ? ಹೆಡೆ ನೋಡಿ. ಮೈಮೇಲೆ ಗೆರೆ ನೋಡಿ. ಗಿಡದ ಬುಡದಲ್ಲಿ, ತಂಪಿನಲ್ಲಿ ತಂದು ಕೂರಿಸಿದ್ದು ನೀವೇ. ಹಗಲೂ ರಾತ್ರಿ ನೆತ್ತಿಯ ಮೇಲೆ ನೀರು ಬಿಟ್ಟದ್ದೂ ನೀವೇ. ಇಷ್ಟೆಲ್ಲ ಮಾಡಿ ಒಂದು ಚಿಟಿಕೆ ಅರಸಿನ ಹಾಕದೆ ಬಿಟ್ಟರೆ ಸರಿಯಾಗ್ತದಾ?"

"ಅದು ಡಿಸೈನ್ ಮಾರಾಯ್ತಿ!"

"ಇರಬಹುದು. ನಾಗನಿಗೆ ಡಿಸೈನ್ ಗೊತ್ತುಂಟಾ?"

ಯಾರೋ ಹಿಂದೆ ಕಿಸಕ್ಕೆಂದರು. ಧರ್ಮಪಾಲ ತಿರುಗಿ ನೋಡಿದಾಗ ಎಲ್ಲರೂ ಕೈಮುಗಿದುಕೊಂಡೇ ಇದ್ದರು.

ಕಾವ್ಯ ಸಮಾಧಾನದಿಂದ ಹೇಳಿದಳು: "ಸರ್, ನಮಗೆ ಇಲ್ಲಿ ಕೂರಲಿಕ್ಕೆ ಆಸೆ ಇಲ್ಲ ಅಂತ ಅಲ್ಲ. ದಿನಾ ಬಂದು ಗಾಜಿನ ಹೊರಗಿನಿಂದ ನೋಡಿ ಹೋಗ್ತೇವೆ. ಆದರೆ ನಮ್ಮ ಡಬ್ಬಿಯಲ್ಲಿ ಎಂತ ಇರ್ತದೆ ಹೇಳಿ? ಮೀನು. ಮೀನು ತಿಂದುಕೊಂಡು ನಾಗನ ಎದುರು ಕೂರುವುದಾ? ಮತ್ತೆ ತಿಂಗಳಲ್ಲಿ ನಾಲ್ಕು ದಿನ ನಮಗೆ ನಾಗಬನದ ಹತ್ತಿರ ಸುಳಿಯಲಿಕ್ಕಿಲ್ಲ. ನೀವು ಬಾತ್ರೂಮಿಗೆ ದಾರಿ ಮಾಡಿಸಿದ್ದು ಇಲ್ಲಿಂದಲೇ. ಹುಡುಗಿಯರೆಲ್ಲ ಈಗ ಎರಡನೇ ಮಹಡಿಗೆ ಇಳಿದು ಹೋಗ್ತಾರೆ. ನಿಮಗೆ ಹೇಳುವುದು ಹೇಗೆ ಅಂತ ಇಷ್ಟು ದಿನ ಸುಮ್ಮನಿದ್ದದ್ದು."

"ಹೇಳಬೇಕಿತ್ತು!"

"ಹೇಳಿದರೆ ಹೀಗೆ ಬೊಬ್ಬೆ ಹಾಕ್ತೀರಲ್ವಾ?"

ಧರ್ಮಪಾಲ ಕಲ್ಲಿನ ಕಡೆ ನೋಡಿದ. ನೀರು ಇಳಿಯುತ್ತಿತ್ತು, ಹಾಲು ಅದರ ಜೊತೆ ಗೆರೆಗಳಲ್ಲಿ ಸುತ್ತಿಕೊಂಡು ಹರಿಯುತ್ತಿತ್ತು. ಮೇಲೆ ಹೆಡೆ. ಒಂದು ಸಲ ಹಾಗೆ ಕಂಡ ಮೇಲೆ ಬೇರೆ ಥರ ಕಾಣಿಸಲೇ ಇಲ್ಲ. ಬಾಯಲ್ಲಿ ಎಷ್ಟು ಹಾರಾಡಿದರೂ ಅವನೂ ವರ್ಷಕ್ಕೊಮ್ಮೆ ಕುಟುಂಬದ ನಾಗನ ಮೂಲಸ್ಥಾನಕ್ಕೆ ಹೋಗಿ ತಂಬಿಲದ ಪೂಜೆ ಕೊಟ್ಟು ಬರುವವನೇ. ಯಾರೂ ನೋಡದ ಹಾಗೆ ಕಾಲಿನಿಂದ ಕಾಲಿಗೆ ಒತ್ತಿ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ.

ಸುದ್ದಿ ರಿತೇಶನಿಗೂ ಮುಟ್ಟಿತ್ತು. ಅವನು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಧರ್ಮಪಾಲನಿಗೆ ಸುಲಭವಿತ್ತು, ತಿರುಗಿ ಜಗಳ ಮಾಡಬಹುದಿತ್ತು.

"ದೇವರ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ತೋಟದಲ್ಲಿ ಯಾರೂ ಕೂರುವುದಿಲ್ಲ ಅನ್ನುವುದು ಸತ್ಯ ಅಲ್ವಾ? ಸೋಮವಾರ ಮಧ್ಯಾಹ್ನಕ್ಕೆ ಬಡಗಿಯವರಿಗೆ ಬರ್ಲಿಕ್ಕೆ ಹೇಳಿದ್ದೇನೆ. ಗಿಡ ತೆಗೆದು ಮೇಜು ಹಾಕುವ."

"ಕಲ್ಲು ಮಾತ್ರ ತೆಗೆದರೆ ಸಾಕಲ್ಲ?"

"ಯಾರು ತೆಗೆಯುವುದು? ನೀವು ತೆಗೀತೀರಾ?"

ಧರ್ಮಪಾಲ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ನಾಗನೇ ಆಗಿದ್ದರೆ ಜೋಯಿಸರಲ್ಲಿ ಪ್ರಶ್ನೆ ಇಟ್ಟು, ತಂತ್ರಿಗಳನ್ನು ಕರೆಸಿ, ವಿಧಿ ಪ್ರಕಾರ ಕದಲಿಸಬೇಕು. ಕದಲಿಸಿದ ಮೇಲೂ ಆ ಜಾಗದಲ್ಲಿ ಬಂಗುಡೆ ತಿನ್ನುವ ಧೈರ್ಯ ಯಾರಿಗೆ? ಒಂದು ಕಲ್ಲಿನಿಂದ ತೋಟ ಬನವಾಗಿಬಿಟ್ಟಿತ್ತು. ಇನ್ನು ಹುಡುಗ ಹುಡುಗಿಯರಿಗೆ ಡೀಸೆಲ್ ವಾಸನೆಯೇ ಗತಿ.

ಆ ದಿನ ಸಂಜೆಯಿಂದ ಅವನ ಕೈ ತುರಿಸಲು ಸುರುವಾಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಕೆಂಪು ಗಂದೆ. ಶರ್ಟಿನ ತೋಳು ಇಳಿಸಿ ಗುಂಡಿ ಹಾಕಿಕೊಂಡ. ವಾರಿಜಾ ನೋಡಿಯೇ ನೋಡಿದಳು. ಅವಳು ಏನೂ ಹೇಳದೆ ಇದ್ದದ್ದೇ ಅವನನ್ನು ಹೆಚ್ಚು ಹೆದರಿಸಿತು. ನಾಗನಿಗೆ ಅಪಚಾರವಾದರೆ ಮೊದಲು ಕಾಣಿಸಿಕೊಳ್ಳುವುದು ಚರ್ಮದಲ್ಲಿ ಎಂಬುದು ಚಿಕ್ಕಂದಿನಿಂದ ಕೇಳಿದ ಮಾತು.

ಕಲ್ಲಿನ ಫೋಟೋ ತೆಗೆದು ಸರ್ವೋತ್ತಮನಿಗೆ ಕಳಿಸಿದ. ಸ್ವಲ್ಪ ಹೊತ್ತಿನಲ್ಲೇ ಫೋನ್ ಬಂತು.

"ಧರ್ಮಣ್ಣ, ಇದಕ್ಕೆ ಅರಸಿನ ಯಾಕೆ ಹಚ್ಚಿದ್ದು?"

"ನಾನು ಹಚ್ಚಿದ್ದಲ್ಲ. ಅದು ಬಿಡು. ಇದು ಎಂತ ಕಲ್ಲು, ಅದು ಹೇಳು."

ಆಚಾರ್ಯನ ಸ್ವರ ಸಣ್ಣದಾಯಿತು: "ಅರಸಿನ, ಹೂವಿನ ಒಳಗೆ ಸರಿ ಕಾಣುವುದಿಲ್ಲ. ಆದರೆ ಒಂದು ವಿಷಯ. ಅಜೆಕಾರು ಊರಿನ ಒಂದು ಮನೆಯವರು ಹಳೆಯ ನಾಗನ ಕಲ್ಲು ಒಂದು ತಂದಿಟ್ಟಿದ್ದರು. ಅದರ ಅಳತೆಗೆ ಹೊಸತು ಕೆತ್ತಲಿಕ್ಕೆ. ಬದಿಯಲ್ಲೇ ಇಟ್ಟಿದ್ದೆ. ಈಗ ನೋಡಿದರೆ ಕಾಣುವುದಿಲ್ಲ."

ಧರ್ಮಪಾಲನ ತುರಿಕೆ ಹೆಗಲವರೆಗೆ ಹತ್ತಿತು.

ಆದಿತ್ಯವಾರ ಬೆಳಗ್ಗೆ ಬೇಗ ಹೊರಟು ಕಾರ್ಕಳ ಸೇರಿದ. ದಾರಿಯುದ್ದಕ್ಕೂ ಆಚಾರ್ಯನನ್ನು ಬೈಯುವ ಮಾತುಗಳನ್ನು ಜೋಡಿಸಿಕೊಂಡಿದ್ದ. ಆದರೆ ಶೆಡ್ಡಿನ ಎದುರು ಕಾರು ನಿಲ್ಲಿಸಿದಾಗ ಸರ್ವೋತ್ತಮನ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಬೈಯುವುದು ಬಿಟ್ಟು ಇಬ್ಬರೂ ಹುಡುಕಲು ಇಳಿದರು. ಕೆತ್ತಿ ಬಿಟ್ಟ ದೀಪಸ್ತಂಭ, ಅರ್ಧ ಮೂಗಿನ ದ್ವಾರಪಾಲಕ, ರುಬ್ಬುವ ಕಲ್ಲು. ಕಲ್ಲಿನ ಹುಡಿಗೆ ಸೀನು ಬಂತು. ಕೊನೆಗೆ ಶೆಡ್ಡಿನ ಹಿಂಬದಿಯಲ್ಲಿ ಟಾರ್ಪಾಲು ಎತ್ತಿದ ಸರ್ವೋತ್ತಮ ಹಾಗೇ ನೆಲಕ್ಕೆ ಕುಕ್ಕರಿಸಿದ.

"ಉಂಟು ಧರ್ಮಣ್ಣ. ಇಲ್ಲೇ ಉಂಟು."

ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದ ಸಣ್ಣ ಕಲ್ಲು. ಮಳೆ ಬೀಳುತ್ತದೆಂದು ಅವನ ಹೆಂಡತಿ ಹಿಂಬದಿಗೆ ಸರಿಸಿ ಮುಚ್ಚಿದ್ದಳಂತೆ, ಗಂಡನಿಗೆ ಹೇಳಲು ಮರೆತಿದ್ದಳು. ಸರ್ವೋತ್ತಮ ಅದಕ್ಕೆ ಕೈಮುಗಿದ. ಧರ್ಮಪಾಲ ಚಪ್ಪಲಿ ಬಿಟ್ಟು ತಾನೂ ಕೈಮುಗಿದ.

"ಹಾಗಾದರೆ ನಾನು ತಕೊಂಡು ಹೋದದ್ದು ಎಂತದ್ದು?"

ಸರ್ವೋತ್ತಮ ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ಅವನ ತಾಯಿ ಬೇಬಿಯವರು ಚಾ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ, ಸೊಂಟ ಸ್ವಲ್ಪ ಬಾಗಿದ ಹೆಂಗಸು. ಮಗನ ಭುಜದ ಮೇಲಿಂದ ಇಣುಕಿದವರೇ ಚಾದ ಗ್ಲಾಸನ್ನು ದ್ವಾರಪಾಲಕನ ತಲೆಯ ಮೇಲೆ ಇಟ್ಟರು.

"ಉಂದು ಎನ್ನ ಕಲ್ಲ್!"

"ಎಂತ ಅಮ್ಮ?"

"ನನ್ನ ಕಲ್ಲು ಮಾರಾಯ! ಬಟ್ಟೆ ಒಗೆಯುವ ಕಲ್ಲು! ನಿನ್ನ ಅಪ್ಪ ಕೆತ್ತಿ ಕೊಟ್ಟದ್ದು. ಸೋಪಿನ ನೀರು ಇಳಿದು ಹೋಗ್ಲಿ ಅಂತ ಗೆರೆ ಹಾಕಿದ್ದು. ನೀನು ಎಂತ ಹೇಳಿದ್ದು ನನಗೆ? ತುಂಡಾಯಿತು, ಎಸೆದೆ ಅಂತ ಹೇಳಿದ್ದಲ್ವಾ?"

ಸರ್ವೋತ್ತಮ ತಲೆ ಕೆರೆದುಕೊಂಡ. "ವಾಷಿಂಗ್ ಮೆಷಿನ್ ತಂದ ಮೇಲೂ ನೀನು ಅದರಲ್ಲೇ ಒಗೆಯುತ್ತಿದ್ದೆ. ಡಾಕ್ಟರು ಸೊಂಟ ಬಗ್ಗಿಸಬೇಡಿ ಅಂದದ್ದಕ್ಕೆ ಬದಿಗೆ ಹಾಕಿದ್ದು."

"ಸುಳ್ಳ! ಆ ಮೆಷಿನು ಕಾಲರಿನ ಕೊಳೆ ತೆಗೀತದಾ?"

ಧರ್ಮಪಾಲ ಒಮ್ಮೆ ಅವರನ್ನೂ ಒಮ್ಮೆ ಫೋಟೋವನ್ನೂ ನೋಡಿದ. ಮೊದಲು ಕೋಪ ಬಂತು. ಒಗೆಯುವ ಕಲ್ಲಿಗೆ ಚಪ್ಪಲಿ ಬಿಟ್ಟು ಬಂದೆನಲ್ಲ ಎಂಬ ಕೋಪ. ಆಮೇಲೆ ನಗು ಬಂತು. ಕಲ್ಲಿನ ರಾಶಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನು ಹಾಗೆ ನಕ್ಕದ್ದನ್ನು ಸರ್ವೋತ್ತಮ ಮೊದಲು ಕಂಡವನಲ್ಲ, ಹೆದರಿ ಚಾ ಕೊಟ್ಟ.

ನಗು ಇಳಿದ ಮೇಲೆ ಚಿಂತೆ ಹತ್ತಿತು. "ಇದನ್ನು ನಾನು ಹೋಗಿ ಹೇಳಿದರೆ ಯಾರು ನಂಬ್ತಾರೆ? ತೋಟ ಉಳಿಸಲಿಕ್ಕೆ ಸುಳ್ಳು ಹೇಳ್ತಾನೆ ಅಂತಾರೆ."

"ನೀವು ಹೇಳುವುದು ಯಾಕೆ?" ಎಂದರು ಬೇಬಿ. "ನಾಳೆ ನನಗೆ ಮಣಿಪಾಲಕ್ಕೆ ಕಣ್ಣು ತೋರಿಸ್ಲಿಕ್ಕೆ ಹೋಗ್ಲಿಕ್ಕುಂಟು. ಹಾಗೇ ಬಂದು ನನ್ನ ಕಲ್ಲನ್ನೂ ನೋಡ್ತೇನೆ."

ಸೋಮವಾರ ಬಡಗಿಯವರು ಮೊದಲೇ ಬಂದರು. ಹಲಗೆ, ಕರಗಸ ಎಲ್ಲ ಗಾಜಿನ ಬಾಗಿಲಿನ ಹೊರಗೆ ಇಟ್ಟು, ಒಳಗೆ ಅರಸಿನ ಕಂಡು, ನಾವು ಕೈ ಹಾಕುವುದಿಲ್ಲಪ್ಪ ಎಂದು ಗೋಡೆಗೆ ಒರಗಿ ಕೂತರು. ರಿತೇಶ ಅತ್ತಿಂದಿತ್ತ ತಿರುಗುತ್ತಿದ್ದ. ಊಟದ ಹೊತ್ತು. ಡಬ್ಬಿ ಹಿಡಿದು ಜನರೇಟರಿನ ಕಡೆ ಹೊರಟವರು ಏನಾಗುತ್ತದೆಂದು ನೋಡಲು ಬಾಗಿಲಲ್ಲಿ ಗುಂಪಾದರು. ಧರ್ಮಪಾಲ ಮತ್ತೆ ಮತ್ತೆ ಮೆಟ್ಟಿಲಿನ ಕಡೆ ನೋಡಿದ. ಆಸ್ಪತ್ರೆಯಲ್ಲಿ ಸರತಿ ಎಷ್ಟು ಉದ್ದ ಇರುತ್ತದೋ ಯಾರಿಗೆ ಗೊತ್ತು?

"ಧರ್ಮಪಾಲರೇ, ಇನ್ನು ಕಾಯುವುದು ಬೇಡ" ಎಂದು ರಿತೇಶ ಹೇಳುತ್ತಿದ್ದಾಗಲೇ ಲಿಫ್ಟಿನ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ, ಇನ್ನೊಂದು ಕೈಯಲ್ಲಿ ಮಗನ ತೋಳು. ಕಣ್ಣಿಗೆ ಬಿಟ್ಟ ಮದ್ದಿನಿಂದ ಮಂಜು ಮಂಜಾಗಿ ನೋಡುತ್ತ ಬೇಬಿ ಇಳಿದರು.

"ಎಲ್ಲಿ ಉಂಟು?"

ಎಲ್ಲರೂ ದಾರಿ ಬಿಟ್ಟರು. ಅವರು ಚಪ್ಪಲಿ ಹಾಕಿಕೊಂಡೇ ಹುಲ್ಲಿನ ಮೇಲೆ ನಡೆದಾಗ ವಾರಿಜಾ "ಅಮ್ಮ, ಚಪ್ಪಲಿ..." ಎಂದು ಮುಂದೆ ಬಂದಳು. ಬೇಬಿ ಕೇಳಿಸಿಕೊಳ್ಳಲಿಲ್ಲ. ಕಲ್ಲಿನ ಹತ್ತಿರ ಹೋಗಿ, ಕಣ್ಣು ಮಂಜಾಗಿದ್ದರಿಂದ ಕೈಯಲ್ಲೇ ತಡವಿದರು. ಅಂಗೈ ಎಡಬದಿಯ ಒಂದು ಕಡೆ ನಿಂತಿತು. ಅಲ್ಲಿ ಕಲ್ಲು ಸವೆದು ನುಣುಪಾಗಿ, ಸ್ವಲ್ಪ ತಗ್ಗಾಗಿತ್ತು.

"ಇಲ್ಲಿ ನೋಡಿ. ಇದು ನಾನು ಕೈ ಊರುತ್ತಿದ್ದ ಜಾಗ. ನಾಲ್ಕು ಮಕ್ಕಳ ಬಟ್ಟೆ, ಅತ್ತೆಯ ಸೀರೆ, ಇವನ ಅಪ್ಪನ ಕಲ್ಲುಹುಡಿಯ ಅಂಗಿ, ಎಲ್ಲ ಇದರ ಮೇಲೆಯೇ ಬಡಿದದ್ದು." ಆಮೇಲೆ ಬೆರಳಿಗೆ ಹತ್ತಿದ ಹಳದಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಅರಸಿನ ಯಾರು ಹಚ್ಚಿದ್ದು?"

ವಾರಿಜಾಳ ಮುಖ ಕೆಂಪಾಯಿತು. "ನಾನು ಅಮ್ಮ. ನನಗೆ ಗೊತ್ತಿರ್ಲಿಲ್ಲ. ದಿನಾ ಹಾಲು ಬೇರೆ ಹಾಕಿದೆ. ನನ್ನ ಮಕ್ಕಳಿಗೆ ಕೊಡುವುದರಲ್ಲಿ ಉಳಿಸಿ ತಂದದ್ದು."

ಧರ್ಮಪಾಲನಿಗೆ ಮೊದಲ ಬಾರಿ ಅವಳ ಮೇಲೆ ಸಿಟ್ಟು ಬರಲಿಲ್ಲ.

"ಅದಕ್ಕೆ ಎಂತ ಆಯಿತು ಈಗ?" ಎಂದು ಬೇಬಿ ಅವಳ ಕೈ ಹಿಡಿದರು. "ಪ್ರತಿಷ್ಠೆ ಆಗದ ಕಲ್ಲು, ಯಾರಿಗೂ ದೋಷ ಇಲ್ಲ. ಇಷ್ಟು ವರ್ಷ ಬರೀ ಸೋಪು ತಿಂದದ್ದು ಅದು. ನಾಲ್ಕು ದಿನ ಹಾಲು ಕುಡಿದರೆ ಕುಡಿಯಲಿ ಬಿಡು."

ಮೊದಲು ನಕ್ಕದ್ದು ಕಾವ್ಯ. ಆಮೇಲೆ ಬಾಗಿಲಲ್ಲಿದ್ದವರೆಲ್ಲ. ಕೊನೆಗೆ ವಾರಿಜಾ, ಸೆರಗಿನಿಂದ ಕಣ್ಣೊರೆಸಿಕೊಂಡು, ಅಳುವೋ ನಗುವೋ ತಿಳಿಯದ ಹಾಗೆ. ಅವಳೇ ಬಗ್ಗಿ ಕೊಳವೆಯ ನೀರಿನಲ್ಲಿ ಅರಸಿನ ತೊಳೆದಳು. ಹಿಂಗಾರದ ಎಸಳುಗಳನ್ನು ಮಾತ್ರ ಒಂದೊಂದಾಗಿ ಹೆಕ್ಕಿ ಸಂಪಿಗೆಯ ಬುಡಕ್ಕೆ ಹಾಕಿದಳು.

ಬೇಬಿ ಕಣ್ಣಿನ ಮದ್ದು ಒರೆಸಿದ್ದ ಕರವಸ್ತ್ರ ತೆಗೆದು, ಇಳಿಯುವ ನೀರಿಗೆ ಹಿಡಿದು, ಕಲ್ಲಿಗೆ ಎರಡು ಸಲ ಬಡಿದರು. ಟಪ್, ಟಪ್. ಹಿಂಡಿ ಕೊಡವಿದರು. "ಶಬ್ದ ಹಾಗೇ ಉಂಟು" ಎಂದು ಮಗನಿಗೆ ಹೇಳಿದರು.

"ವಾಪಸ್ ತಕೊಂಡು ಹೋಗುವುದಾ ಅಮ್ಮ?" ಎಂದು ಧರ್ಮಪಾಲ ಅಳುಕುತ್ತ ಕೇಳಿದ.

"ಬೇಡ. ಅಲ್ಲಿ ಟಾರ್ಪಾಲಿನ ಅಡಿಯಲ್ಲಿ ಇರುವುದಕ್ಕಿಂತ ಇಲ್ಲೇ ತಂಪಾಗಿರಲಿ." ಆಮೇಲೆ ಅವನ ಮಣಿಕಟ್ಟು ಹಿಡಿದವರು, ಬೆರಳಿಗೆ ಏನೋ ತಾಗಿ, ಅಂಗಿಯ ತೋಳನ್ನು ಮೇಲೆ ಸರಿಸಿ ತಡವಿದರು. "ಇದೆಂತ ಗಂದೆ? ಈ ಗಿಡದ ಎಲೆ ಹರಿದಿರಾ?"

"ಒಣಗಿದ್ದನ್ನು ಕಿತ್ತಿದ್ದೆ."

"ಕೆಸುವಿನ ಹಾಲು ತಾಗಿದ್ದು. ಕೊಬ್ಬರಿ ಎಣ್ಣೆ ಹಚ್ಚಿ, ನಾಳೆಗೆ ಇಳೀತದೆ."

ಧರ್ಮಪಾಲ ಅವಸರದಲ್ಲಿ ತೋಳು ಕೆಳಗೆ ಎಳೆದುಕೊಂಡ. ವಾರಿಜಾ ಬೇರೆ ಕಡೆ ಮುಖ ತಿರುಗಿಸಿ ನಗುವುದು ಅವನಿಗೆ ಕಂಡಿತು.

ರಿತೇಶ ಬಡಗಿಯವರಿಗೆ ಸದ್ಯಕ್ಕೆ ಮೇಜು ಬೇಡ ಎಂದು ಹೇಳಿದ. ಅವರು ಹಲಗೆ ಎತ್ತಿಕೊಳ್ಳುವ ಮೊದಲು ಒಬ್ಬ ಒಳಗೆ ಬಂದು ಬೆಂಚಿನ ಮೇಲೆ ಕೂತು ನೋಡಿ, ಚೆಂದ ಉಂಟು ಎಂದು ಹೋದ. ಬೇಬಿ, ಸರ್ವೋತ್ತಮ ಲಿಫ್ಟು ಹತ್ತಿದರು. ಆಮೇಲೆ ಕಾವ್ಯ ನಡೆದು ಬಂದು ಕಲ್ಲಿನ ಪಕ್ಕದ ಬೆಂಚಿನಲ್ಲೇ ಕೂತು ಡಬ್ಬಿಯ ಮುಚ್ಚಳ ತೆಗೆದಳು. ಬಂಗುಡೆಯ ಪುಳಿಮುಂಚಿ ಸಾರಿನ ವಾಸನೆ ಜರಿಗಿಡಗಳ ನಡುವೆ ಹರಡಿತು.

"ಸರ್, ಊಟ ಆಯ್ತಾ? ಒಂದು ತುಂಡು ಉಂಟು."

"ನನಗೆ ಕೆಲಸ ಉಂಟು" ಎಂದು ಧರ್ಮಪಾಲ ಗದರಿದ. ಆದರೆ ಹೋಗಲಿಲ್ಲ. ಎಲ್ಲರೂ ಬಂದು ಕೂತು, ಜಾಗ ಸಾಲದೆ ಕೆಲವರು ಹುಲ್ಲಿನ ಮೇಲೆ ಕಾಲು ಚಾಚುವವರೆಗೂ ಬಾಗಿಲಲ್ಲೇ ನಿಂತಿದ್ದ. ಊಟ ಮುಗಿದು, ಕೈ ತೊಳೆದು, ಅವರೆಲ್ಲ ಮೇಜುಗಳಿಗೆ ಹೋದ ಮೇಲೆ ಒಳಗೆ ಬಂದ. ಹುಲ್ಲಿನ ಅಂಚಿನಲ್ಲಿ ಅವನ ಕಾಲು ಒಂದು ಕ್ಷಣ ತಡೆಯಿತು. ಮತ್ತೆ ಚಪ್ಪಲಿಯಲ್ಲೇ ನಡೆದ.

ಬೇಬಿ ಕರವಸ್ತ್ರ ಮರೆತು ಹೋಗಿದ್ದರು. ಅದು ಕಲ್ಲಿನ ನೆತ್ತಿಯ ಒಣ ಬದಿಯಲ್ಲಿ ಹರಡಿಕೊಂಡಿತ್ತು, ಒಂದು ಮೂಲೆ ಮಾತ್ರ ಜಾರಿ ನೀರಿಗೆ ಬಿದ್ದಿತ್ತು. ಧರ್ಮಪಾಲ ಅದನ್ನು ಎತ್ತಿ ಹಿಂಡಿ, ಗಾಜಿನ ಮಾಡಿನಿಂದ ಬಿಸಿಲು ಬೀಳುವ ಕಡೆಗೆ ಸರಿಸಿ, ಸುಕ್ಕು ಬಿಡಿಸಿ ಹಾಸಿದ.